ಕಿರಣನಿಗೆ ಹೇಳಿದವಳು ಭವ್ಯ ಅಲ್ಲ

ಸಹನಾ, ನಿನ್ನ ಆಟದ ಗುಟ್ಟನ್ನು ಕಿರಣನಿಗೆ ಹೇಳಿದವಳು ಭವ್ಯ ಅಲ್ಲ. ನಾನು.

ಇಷ್ಟು ಬರೆಯುವುದಕ್ಕೆ ಬೆಳಗಿನಿಂದ ಒದ್ದಾಡಿದ್ದೇನೆ. ಹಾಲು ಕಾಯಿಸಿಟ್ಟೆ, ಒಣಗಿದ ಬಟ್ಟೆ ಮಡಚಿದೆ, ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದೆ —

ನೀನಾಗ ಡಿಗ್ರಿ ಓದುತ್ತಿದ್ದೆ. ಭಾನುವಾರ ಬಂತೆಂದರೆ ಗೌರಿಬಿದನೂರಿನಿಂದ ಬಸ್ಸು ಹತ್ತಿ ಚಿಕ್ಕಬಳ್ಳಾಪುರದ ಆ ಅಂಗಡಿಯ ಮಹಡಿಗೆ, ಕಾರ್ಡಿನ ಆಟಕ್ಕೆ. ಇಸ್ಪೀಟು ಅಂದುಕೊಂಡು ನಾನು ಬೈದಿದ್ದೆ. "ಅಯ್ಯೋ ಅಮ್ಮ, ಇದು ಅದಲ್ಲ. ಒಬ್ಬೊಬ್ರೂ ಅವರವರ ಕಟ್ಟು ಅವರೇ ಯೋಚನೆ ಮಾಡಿ ಜೋಡಿಸ್ಕೊಂಡು ಬರಬೇಕು" ಅಂತ ನೀನು ತಿಳಿಸಿ ಹೇಳಿದೆ. ನನ್ನ ಅಣ್ಣನ ಮಗ ಕಿರಣ ಚಿಂತಾಮಣಿಯಿಂದ ಬರುತ್ತಿದ್ದ, ಮಿರಮಿರ ಮಿಂಚುವ ದುಬಾರಿ ಕಾರ್ಡುಗಳ ಕಟ್ಟು ಹಿಡಿದು. ಅಂಥದ್ದು ನಮ್ಮ ಕೈಗೆಟುಕುವಂತಿರಲಿಲ್ಲ. ನೀನೂ ನಿನ್ನ ಗೆಳತಿ, ನಗರಗೆರೆಯ ಭವ್ಯಳೂ ಬೇರೆಯವರು ಬೇಡವೆಂದು ಬಿಟ್ಟಿದ್ದ ಮಾಮೂಲಿ ಕಾರ್ಡುಗಳನ್ನು ಆರಿಸಿ ತಂದು ಒಂದು ಕಟ್ಟು ಜೋಡಿಸಿದಿರಿ. ಪಂದ್ಯಕ್ಕೆಂದು ಮಾಡಿದ ನಿಮ್ಮ ಮೊದಲನೇ ಕಟ್ಟು.

ಆ ಆಟದಲ್ಲಿ ಎಳೆದುಕೊಳ್ಳಲು ಕಾರ್ಡೇ ಉಳಿಯದವನು ಸೋತ ಹಾಗೆ. ಉಳಿದವರೆಲ್ಲ ಹೊಡೆದು ಗೆಲ್ಲಲು ನೋಡಿದರೆ ನಿಮ್ಮ ಕಟ್ಟು ಹೊಡೆಯುತ್ತಲೇ ಇರಲಿಲ್ಲ. ಸುಮ್ಮನೆ ತಡೆಯುತ್ತಿತ್ತು, ಎದುರಿನವನಿಗೆ ಮೇಲಿಂದ ಮೇಲೆ ಕಾರ್ಡು ಎಳೆದುಕೊಳ್ಳಲು ಬಿಡುತ್ತಿತ್ತು. ಅವನು ಲಾಭವೆಂದು ಎಳೆಯುತ್ತಾ ಹೋಗಿ ತನ್ನ ಕಟ್ಟನ್ನು ತಾನೇ ಖಾಲಿ ಮಾಡಿಕೊಳ್ಳಬೇಕು. "ಗೊತ್ತಾಗೋವರೆಗೆ ಮಾತ್ರ ಇದರ ಆಟ ಅಮ್ಮ. ಗೊತ್ತಾದ್ರೆ ರದ್ದಿ" ಅಂತ ನೀನೇ ಅಂದಿದ್ದೆ.

ಅವರೆಕಾಯಿ ಕಾಲ ಅದು. ನಾನು ನೆನೆಸಿದ ಕಾಳು ಹಿತುಕುತ್ತಾ ಕೂತರೆ, ಕಿರಣನ ಕಾರ್ಡುಗಳ ಜೆರಾಕ್ಸ್ ನನ್ನ ಮುಂದಿಟ್ಟು ನನ್ನನ್ನೇ ಕಿರಣ ಮಾಡುತ್ತಿದ್ದಿರಿ. "ಅಮ್ಮ, ಕೈ ಒರೆಸ್ಕೋ! ಕಾರ್ಡೆಲ್ಲ ಸೊಗಡು ವಾಸನೆ!" ಅಂತ ನೀನು. "ಆಂಟಿ, ಸೋಲೋದ್ರಲ್ಲಿ ನೀವು ಫಸ್ಟ್ ಕ್ಲಾಸ್ ಬಿಡಿ" ಅಂತ ಭವ್ಯ. ಆ ಕಟ್ಟಿನ ಮರ್ಮ ಗೊತ್ತಿದ್ದದ್ದು ನಮ್ಮ ಮೂವರಿಗೆ ಮಾತ್ರ.

ದೊಡ್ಡ ಪಂದ್ಯಕ್ಕೆ ಇನ್ನೆರಡು ದಿನ ಇತ್ತು. ಗೆದ್ದವರನ್ನು ಅಂಗಡಿಯವರೇ ಬೆಂಗಳೂರಿನ ಪಂದ್ಯಕ್ಕೆ ಕಳಿಸುತ್ತಿದ್ದರು. ಇಬ್ಬರೂ ಅದನ್ನೇ ಕನವರಿಸುತ್ತಿದ್ದಿರಿ. ನೀನು ಕಾಲೇಜಿಗೆ ಹೋಗಿದ್ದಾಗ ಕಿರಣ ಮನೆಗೆ ಬಂದ. ಊಟಕ್ಕೆ ಕೂರಿಸಿದೆ.

"ಏನತ್ತೆ, ನಿಮ್ಮ ಮಗಳು ಗುಜರಿ ಕಟ್ಟು ತರ್ತಾಳಂತೆ? ತಕ್ಕಡಿ ತರಲಾ?" ಅಂತ ನಕ್ಕ.

ಬಾಯಿ ಜಾರಿತು ಅಂತ ಬರೆದರೆ ನೀನು ನಂಬುತ್ತೀಯ. ಜಾರಲಿಲ್ಲ ಕಣಮ್ಮ. ನಿನ್ನನ್ನು ಅಣ್ಣನ ಮನೆಗೇ ಕೊಡಬೇಕೆಂದು — ನಿನ್ನನ್ನು ಒಂದು ಮಾತೂ ಕೇಳದೆ — ನನ್ನೊಳಗೇ ನಿಶ್ಚಯ ಮಾಡಿಕೊಂಡಿದ್ದೆ. ನಾಳೆ ಕೈ ಹಿಡಿಯಬೇಕಾದ ಹುಡುಗನನ್ನು ನೀನು ಅಷ್ಟು ಜನರ ಮುಂದೆ ಸೋಲಿಸಿದರೆ? ಅತ್ತಿಗೆ ಏನಂದಾಳು? ಅಣ್ಣ ಹಿಂದೆಗೆದರೆ? ಇನ್ನೊಂದು ಮುದ್ದೆ ಬಡಿಸುತ್ತಾ ಹೇಳಿಬಿಟ್ಟೆ: "ಅವಳು ಹೊಡೆಯೋದಿಲ್ಲ ಕಣಪ್ಪ. ನಿನ್ನ ಕೈಲೇ ನಿನ್ನ ಎಲೆ ಖಾಲಿ ಮಾಡಿಸ್ತಾಳೆ. ಹುಷಾರು."

ಅವನು ತುತ್ತು ಹಿಡಿದ ಕೈ ಅಲ್ಲೇ ನಿಲ್ಲಿಸಿದ. "ಹೌದಾ ಅತ್ತೆ?"

"ನಾನು ಹೇಳ್ದೆ ಅಂತ ಅವಳಿಗೆ ಹೇಳಬೇಡ." ಇದನ್ನೂ ನಾನೇ ಹೇಳಿದ್ದು.

ಪಂದ್ಯದ ದಿನ ಚಿತ್ರಾನ್ನದ ಕ್ಯಾರಿಯರ್ ಹಿಡಿದು ನಾನೂ ಬಂದೆ. ನೀನು ಇಬ್ಬರನ್ನು ಗೆದ್ದೆ. ಭವ್ಯ ಗೋಡೆಗೊರಗಿ ಉಗುರು ಕಚ್ಚುತ್ತಿದ್ದಳು. ಕೊನೆಗೆ ಕಿರಣ ಬಂದು ಕೂತ. ನೀನು ಎಷ್ಟು ಬಿಟ್ಟುಕೊಟ್ಟರೂ ಅವನು ಬೇಕಾದದ್ದಕ್ಕಿಂತ ಹೆಚ್ಚು ಎಳೆಯಲಿಲ್ಲ. ಆಮೇಲೆ ಹೊಸದೊಂದು ಕಾರ್ಡು ಇಟ್ಟ — ಆಡಿ ಬಿಸಾಕಿದ್ದನ್ನೆಲ್ಲ ಮತ್ತೆ ಕಟ್ಟಿಗೆ ಸೇರಿಸುವ ಕಾರ್ಡು. "ಖಾಲಿ ಆಗಲ್ಲ ಕಣೇ, ಎಷ್ಟು ಹೊತ್ತು ಕಾಯ್ತೀಯ?" ಅಂದ. ಸುತ್ತ ನಿಂತವರು ನಕ್ಕರು.

ಸೋತಾಗ ನೀನು ಅವನ ಕಡೆ ನೋಡಲಿಲ್ಲ. ಭವ್ಯಳ ಕಡೆ ನೋಡಿದೆ.

ಮೆಟ್ಟಿಲ ಕೆಳಗೆ ಅವಳನ್ನು ನಿಲ್ಲಿಸಿ ಕೇಳಿದೆ. "ನೀನೇ ತಾನೆ?"

"ಏನೇ, ಏನು ನಾನೇ?"

"ಮೂರು ಜನ ಬಿಟ್ರೆ ಯಾರಿಗೇ ಗೊತ್ತಿತ್ತು? ಅಮ್ಮ ಅಂತೂ ಹೇಳಲ್ಲ."

ಅಮ್ಮ ಅಂತೂ ಹೇಳಲ್ಲ. ಆಗ ಭವ್ಯ ನನ್ನ ಮುಖ ನೋಡಿದಳು. ನಾನೊಂದು ಮಾತಾಡಿದ್ದರೆ ಸಾಕಿತ್ತು. ನಾನು ಕ್ಯಾರಿಯರಿನ ಕೊಂಡಿ ಸರಿಮಾಡುವವಳಂತೆ ತಲೆ ತಗ್ಗಿಸಿದೆ. ಅವಳು ಅಳುತ್ತಾ ಬಸ್‌ಸ್ಟ್ಯಾಂಡಿನ ಕಡೆ ಹೋದಳು. ಅವತ್ತಿನಿಂದ ನೀನು ಕಾರ್ಡು ಮುಟ್ಟಲಿಲ್ಲ. ಯಾರನ್ನೂ ಮನೆಗೆ ಕರೆತರಲಿಲ್ಲ.

ಇನ್ನೂ ಒಂದಿದೆ. ಅಣ್ಣನ ಮನೆಯವರು ಕಿರಣನಿಗೆ ಶಿಡ್ಲಘಟ್ಟದ ಹೆಣ್ಣು ತಂದರಲ್ಲ, ನನಗೆ ಮೋಸವಾಯಿತೆಂದು ಅಡುಗೆಮನೆಯಲ್ಲಿ ಕೂತು ಅತ್ತೆ. ನೀನು ಪಕ್ಕದಲ್ಲಿ ಕೂತು ಬೆನ್ನು ಸವರಿದೆ. "ಬಿಡಮ್ಮ. ನಮ್ಮೋರು ಅಂತ ನಂಬಿದೋರೇ ಹಿಂಗೆ ಮಾಡೋದು. ನನಗೆ ಭವ್ಯ ಮಾಡ್ಲಿಲ್ವಾ?" ಅಂದೆ. ನಾನು ನಿನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತೆ — ನಿನ್ನ ಕೈಲಿ ಸಮಾಧಾನ ಮಾಡಿಸಿಕೊಂಡೆ.

ನಿನ್ನೆ ನೀನು ಕೆಲಸಕ್ಕೆ ಹೋದ ಮೇಲೆ ಭವ್ಯ ಬಂದಿದ್ದಳು. ಮದುವೆಯಂತೆ, ಕರೆಯಲು ಬಂದಿದ್ದಳು. ಕಾಫಿ ಕೊಟ್ಟು, ನಿಂತುಕೊಂಡೇ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ, ಅಳಲಿಲ್ಲ. "ಇದನ್ನ ನನಗ್ಯಾಕೆ ಹೇಳ್ತೀರ ಆಂಟಿ? ನಾನು ಹೇಳಿಲ್ಲ ಅನ್ನೋದು ನನಗೆ ಗೊತ್ತೇ ಇದೆ. ಅವಳಿಗೆ ಹೇಳಿ" ಅಂದಳು. ಲೋಟ ಕೆಳಗಿಟ್ಟು ಹೋದಳು. ಕಾಫಿ ಕುಡಿದಿರಲಿಲ್ಲ.

ಇವತ್ತು ಸಂಜೆ ಬಾಯಲ್ಲೇ ಹೇಳುತ್ತೇನೆ. ಅರ್ಧಕ್ಕೇ ನಿಲ್ಲಿಸಿ ಮತ್ತೆ ತಪ್ಪಿಸಿಕೊಂಡುಬಿಡುತ್ತೇನೋ ಎಂದು ಮೊದಲು ಬರೆದುಕೊಂಡೆ. ಕ್ಷಮಿಸು ಅಂತ ಕೇಳುವುದಿಲ್ಲ; ಕೇಳಿದರೆ ನೀನು ಕ್ಷಮಿಸಲೇಬೇಕಾಗುತ್ತದೆ, ತಾಯಿ ಅಂತ.

ಭವ್ಯಳ ಮನೆಗೆ ನೀನೊಬ್ಬಳೇ ಹೋಗು. ನಾನು ಜೊತೆಗೆ ಬರುವುದಿಲ್ಲ. ಇಬ್ಬರೂ ಕೂತು ನನ್ನ ಬಗ್ಗೆ ಏನೇನು ಮಾತಾಡಿಕೊಳ್ಳಬೇಕೋ, ಎಲ್ಲ ಮಾತಾಡಿಕೊಳ್ಳಿ.