ದಪ್ಪ ಉಂಗುಟದ ಕೆಂಪು ಚಪ್ಪಲಿ

ನಮ್ಮ ಓಣಿಯ ಇಬ್ರಾಹಿಮ ಗಾಜಿನ ಕೊಳವೆ ಬಾಗಿಸಿ ಅಂಗಡಿಗಳಿಗೆ ನಿಯಾನ್ ಬೋರ್ಡು ಮಾಡುವವನು. ಅಥಣಿಯಲ್ಲಿ ಈ ಕೆಲಸ ಬಲ್ಲವನು ಅವನೊಬ್ಬನೇ. ಅವನ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ಮಧ್ಯಾಹ್ನದ ನೆರಳು ಅವನ ಕಟ್ಟೆಗೆ ಬೀಳುತ್ತದೆ, ಹಾಗಾಗಿ ಶೇಂಗಾ ಸುಲಿಯುವ ಬುಟ್ಟಿ ಹಿಡಿದು ನಾನು ಅಲ್ಲೇ ಕೂರುತ್ತೇನೆ. ನಮ್ಮ ಮನೆಯವರು ತೀರಿಕೊಂಡ ಮೇಲೆ ಹತ್ತೊಂಬತ್ತು ವರ್ಷ ಹಾಗೆ ಕೂತಿದ್ದೇನೆ. ಕಂಡದ್ದನ್ನೇ ಹೇಳುತ್ತೇನೆ.

ಕೊಳವೆಯ ಒಂದು ತುದಿಗೆ ಬೂಚು ಹಾಕುತ್ತಾನೆ. ಇನ್ನೊಂದು ತುದಿಗೆ ರಬ್ಬರಿನ ನಳಿಗೆ, ಅದರ ಬಾಯಿ ಇಬ್ರಾಹಿಮನ ಹಲ್ಲುಗಳ ನಡುವೆ. ಗ್ಯಾಸಿನ ಉರಿಯ ಮೇಲೆ ತಿರುಗಿಸುತ್ತ ಹೋದರೆ ಗಾಜು ಬೆಂದ ಶಾವಿಗೆಯಂತೆ ಜೋಲುತ್ತದೆ. ಆಗ ಎತ್ತಿ ನಕ್ಷೆಯ ಮೇಲಿಟ್ಟು ಬಾಗಿಸಬೇಕು, ಬಾಗಿದಲ್ಲಿ ಚಪ್ಪಟೆಯಾಗದಂತೆ ನಳಿಗೆಯಿಂದ ಹದವಾಗಿ ಊದಬೇಕು. ಹೆಚ್ಚು ಊದಿದರೆ ಉಬ್ಬು, ಕಡಿಮೆಯಾದರೆ ತಗ್ಗು. ನಳಿಗೆ ಬಾಯಿಂದ ಜಾರಿದರೆ ಆ ಕೊಳವೆಯನ್ನು ಮರೆಯಬೇಕು.

ಎಂದರೆ ಉರಿಯ ಮುಂದೆ ಕೂತ ಇಬ್ರಾಹಿಮ ಮಾತಾಡುವಂತಿಲ್ಲ. ಇದನ್ನು ಅವನ ಹೆಂಡತಿ ರಜಿಯಾ ಮದುವೆಯಾದ ಮೊದಲ ತಿಂಗಳೇ ಕಂಡುಕೊಂಡಳು. ಗಂಡನಿಗೆ ಸೇರದ ಮಾತು ಯಾವುದಿದ್ದರೂ ಆ ಹೊತ್ತಿಗೇ ಹೇಳುತ್ತಾಳೆ.

"ಕೇಳ್ರಿ, ನನ್ನ ತಮ್ಮ ಅಫ್ಜಲ ನಾಳಿ ಬರಾಕತ್ತಾನ. ತಿಂಗಳತನಾ ಇರತಾನ."

ಇಬ್ರಾಹಿಮನ ಕಣ್ಣು ದೊಡ್ಡವಾದವು, ಕೆನ್ನೆ ಉಬ್ಬಿದವು, ಕೊಳವೆಯೂ ಉಬ್ಬಿತು. ಆ ಬೋರ್ಡು ಐನಾಪುರದ ಒಂದು ಮಿಠಾಯಿ ಅಂಗಡಿಯ ಮೇಲೆ ಇವತ್ತಿಗೂ ಇದೆ. 'ಠಾ' ಅಕ್ಷರದ ಹೊಟ್ಟೆಯಲ್ಲಿ ಗಜ್ಜುಗದಷ್ಟು ದಪ್ಪ ಗಂಟು. ಓಣಿಯವರು ಅದನ್ನು ಅಫ್ಜಲನ ಉಬ್ಬು ಅನ್ನುತ್ತೇವೆ. ರಾಯಬಾಗದ ಔಷಧದ ಅಂಗಡಿಯದು ಆಡು ಮಾರಿದ ಉಬ್ಬು. ನಿಪ್ಪಾಣಿಯ ಲಾಡ್ಜಿನದು ಫ್ರಿಜ್ಜು ತಂದ ಉಬ್ಬು. ಚಿಕ್ಕೋಡಿಯ ಕಟಿಂಗ್ ಅಂಗಡಿಯ ಬೋರ್ಡೊಂದೇ ನುಣ್ಣಗಿದೆ. ಆ ವಾರ ರಜಿಯಾ ತವರಿಗೆ ಹೋಗಿದ್ದಳು.

ಮಗಳು ಮೆಹೆಕಳಿಗೆ ಇಪ್ಪತ್ತೆರಡು. ಎಂಟನೆಯ ವಯಸ್ಸಿಗೆ ಕೊಳವೆ ತೊಳೆಯಲು ಕೂತಳು, ಹನ್ನೆರಡಕ್ಕೆ ನಕ್ಷೆ ಬರೆಯಲು. ನಕ್ಷೆಯನ್ನು ಕನ್ನಡಿಯಲ್ಲಿ ಕಂಡಂತೆ ತಿರುವಿ ಬರೆಯಬೇಕು, ಅದೂ ಅವಳಿಗೆ ನೀರು ಕುಡಿದಷ್ಟು ಸಲೀಸು. ಉರಿಯ ಮುಂದೆ ಕೂರಲು ಮಾತ್ರ ಅಪ್ಪ ಬಿಡಲಿಲ್ಲ.

"ಹೆಣ್ಣಮಗಳು. ಮಾರಿ ಸುಟ್ಟಗೊಂಡ್ರ ಏನ ಮಾಡೂದ್ರಿ, ಸಕ್ಕವ್ವಾ?"

"ಅರವತ್ತ ವರ್ಷ ನಾ ಒಲಿ ಮುಂದ ಕುಂತೀನಲ್ಲೋ?" ಎಂದೆ ನಾನು.

"ನಿಮ್ಮ ಮಾರಿ ಬ್ಯಾರೆ ಬಿಡ್ರಿ."

ಹೇಗೆ ಬೇರೆ ಎಂದು ಇನ್ನೂ ಹೇಳಿಲ್ಲ.

ಈಗ ಎಲ್ಲರೂ ಪ್ಲಾಸ್ಟಿಕ್ಕಿನ ಎಲ್‌ಇಡಿ ಪಟ್ಟಿ ಅಂಟಿಸಿಕೊಳ್ಳುತ್ತಾರೆ. ಹಾಗಿರುವಾಗ ಚಪ್ಪಲಿ ಹೊಲಿಯುವ ಜಕ್ಕಪ್ಪ ಬಂದು, ದೀಪಾವಳಿ ಪಾಡ್ಯಕ್ಕೆ ತೆರೆಯುವ ಅಂಗಡಿಗೆ ಗಾಜಿನ ಬೋರ್ಡೇ ಬೇಕೆಂದ. ಬರೀ ಅಕ್ಷರವಲ್ಲ, ಮೊಳದುದ್ದದ ಕೆಂಪು ಕೊಲ್ಹಾಪುರಿ ಚಪ್ಪಲಿ.

"ನಂದೂ ಕೈಕೆಲಸ, ನಿಂದೂ ಕೈಕೆಲಸ. ಪ್ಲಾಸ್ಟಿಕ್ ದೀಪ ಹಾಕಿದ್ರ ನನ್ನ ಚಪ್ಪಲಿನೂ ಪ್ಲಾಸ್ಟಿಕ್ ಅಂತಾರ, ಮಾಮಾ."

ಇಬ್ರಾಹಿಮ ಹಿಗ್ಗಿದ. ಆದರೆ ಹಿಂದಿನ ತಿಂಗಳಷ್ಟೇ ಅವನು ಮುಂದಿನ ಎರಡು ಹಲ್ಲು ಕೀಳಿಸಿಕೊಂಡಿದ್ದ. ಗಾಜಿನಲ್ಲಿ ಕೆಳಗಿನ ಅಟ್ಟೆ ಆಯಿತು, ಮೇಲಿನ ಪಟ್ಟೆ ಆಯಿತು. ಹೆಬ್ಬೆರಳು ತೂರಿಸುವ ಉಂಗುಟ ಬಳೆಯಂತೆ ಸುತ್ತಿ ಬರಬೇಕು, ಅದು ಆಗಲೊಲ್ಲದು. ಕೊಳವೆ ಉಳಿದದ್ದು ನಾಲ್ಕು. ಹೊಸವು ಬರಲು ತಿಂಗಳು ಬೇಕು, ಪಾಡ್ಯಕ್ಕೆ ಮೂರೇ ದಿನ.

"ಇದೊಂದು ಆಗಲಿಲ್ಲಂದ್ರ ಉರಿ, ಗ್ಯಾಸ ತುಂಬೂ ಪಂಪು ಎಲ್ಲಾ ಗುಜರಿಗೆ ಹಾಕತೀನಿ" ಎಂದು ಇಬ್ರಾಹಿಮ ಆಣೆ ಮಾಡಿದ. ಮೆಹೆಕ ಅದನ್ನು ಕೇಳಿ ಮಧ್ಯಾಹ್ನ ಉಣ್ಣಲಿಲ್ಲ.

ಮೊದಲನೆಯ ಕೊಳವೆಗೆ ಊದಿದ ಗಾಳಿ ಹಲ್ಲಿನ ಸಂದಿಯಿಂದ ಫುಸ್ ಎಂದು ಹೋಯಿತು. ಎರಡನೆಯದಕ್ಕೆ ಹೊಸದಾಗಿ ಕಟ್ಟಿಸಿದ ಹಲ್ಲು ಹಾಕಿಕೊಂಡು ಕೂತ. ಊದಿದ ರಭಸಕ್ಕೆ ನಳಿಗೆಯೂ ಹಲ್ಲೂ ಕೂಡಿಯೇ ಹೊರಬಂದವು. ಹಲ್ಲು ನನ್ನ ಬುಟ್ಟಿಗೆ ಬಿತ್ತು. ಶೇಂಗಾದೊಳಗಿಂದ ಹುಡುಕಿ, ತೊಳೆದು ಕೊಟ್ಟೆ.

ಮೂರನೆಯದು ಉರಿಗೆ ಬಂತು. ಗಾಜು ಮೆತ್ತಗಾಗುವುದನ್ನೇ ಕಾದಿದ್ದು ಮೆಹೆಕ ಎದುರಿಗೆ ಬಂದು ನಿಂತಳು. ತಾಯಿಯ ಮಗಳು.

"ಅಬ್ಬಾ, ಉರಿ ಮಾರಬ್ಯಾಡ್ರಿ. ಊದೂದು ನನಗ ಬರತೈತಿ. ನೀವು ಮಸೂತಿಗೆ ಹೋದಾಗ ಒಡದ ತುಂಡ ಹಿಡಕೊಂಡು ಎರಡ ವರ್ಷ ಮಾಡೀನಿ. ಈ ಸಕ್ಕವ್ವ ಆಯಿ ಕಟ್ಟಿ ಮ್ಯಾಲ ಕುಂತು ಕಾವಲ ಕಾಯತಿದ್ಲು."

ಇಬ್ರಾಹಿಮ ನನ್ನ ಕಡೆ ನೋಡಿದ. ನಾನು ಒಂದು ಶೇಂಗಾ ಸುಲಿದೆ. ಅವನು ನಳಿಗೆ ಉಗುಳಿ "ಸಕ್ಕವ್ವಾ!" ಎಂದು ಕೂಗುವಷ್ಟರಲ್ಲಿ ಗಾಜು ಮುದ್ದೆಯಾಗಿ ನಕ್ಷೆಗೆ ಅಂಟಿತು.

ಅದೇ ಹೊತ್ತಿಗೆ ಜಕ್ಕಪ್ಪ ಬಂದ. ಮುದ್ದೆ ನೋಡಿದ.

"ಮಾಮಾ, ಉಂಗುಟ ಇಲ್ಲದ ಚಪ್ಪಲಿ ಮೆಟ್ಟಿ ಯಾರ ನಡೀತಾರ? ಆಗೂದಿಲ್ಲಂದ್ರ ಈಗ ಹೇಳಿಬಿಡು."

ಇಬ್ರಾಹಿಮ ಮುದ್ದೆಯನ್ನು ನಕ್ಷೆಯಿಂದ ಕೆತ್ತಿ ತೆಗೆದ. ಆಮೇಲೆ ನಳಿಗೆಯ ತುದಿಯನ್ನು ಅಂಗಿಗೆ ಮೂರು ಸಲ ಒರೆಸಿ ಮಗಳ ಕೈಗೆ ಕೊಟ್ಟ.

ನಾಲ್ಕನೆಯ ಕೊಳವೆ ಹಿಡಿದು ಮೆಹೆಕ ಉರಿಯ ಮುಂದೆ ಕೂತಳು, ನಳಿಗೆ ಕಚ್ಚಿದಳು. ಆಗ ತಿಳಿಯಿತು ನೋಡಿ: ಇಬ್ರಾಹಿಮ ಉರಿಯ ಬಳಿ ಬಾಯಿ ಖಾಲಿ ಇಟ್ಟುಕೊಂಡು ನಿಂತದ್ದು ಅದೇ ಮೊದಲು.

"ತಿರುಗಸ, ತಿರುಗಸ. ಜೋರ ಊದಬ್ಯಾಡ. ನಿನ್ನ ಮಾವ ಅಫ್ಜಲ ಬರತಾನ ಅಂದಾಗ ನಾ ಜೋರ ಊದಿ ಕೆಟ್ಟೆ. ತಿಂಗಳಂತ ಬಂದು ನಾಕ ತಿಂಗಳ ಕುಂತ! ಹಾಂ, ಗಾಜ ಎತ್ತ ಈಗ. ಆ ಆಡಂತೂ ದಿನಕ್ಕ ಎರಡ ಸೇರ ಹಾಲ ಕೊಡತಿತ್ತು, ರಜಿಯಾ, ಎರಡ ಸೇರ!"

"ಒಂದ ಸೇರ" ಎಂದಳು ರಜಿಯಾ ಬಾಗಿಲಿಂದ.

"ಸುತ್ತ, ಸುತ್ತ. ಸಣ್ಣಾಗಿ ಊದ. ಫ್ರಿಜ್ಜ ನಾ ಬ್ಯಾಡ ಅನ್ನಾಂವ ಇದ್ದೆ..."

ಮೆಹೆಕ ಸುತ್ತಿದಳು, ಊದಿದಳು. ಉಂಗುಟ ದುಂಡಗೆ ಬಂತು, ಇನ್ನೊಂದು ಬೆರಳಿನಷ್ಟು ಉಳಿದಿತ್ತು. ಇಬ್ರಾಹಿಮ ಥಟ್ಟನೆ ಮಾತು ನಿಲ್ಲಿಸಿ ಬಗ್ಗಿ ನೋಡಿದ.

"ಸಕ್ಕವ್ವಾ, ಇಕೀ ಕೈ ನನಗಿಂತ ಚಲೋ ಐತ್ರಿ."

ಮೆಹೆಕಳಿಗೆ ನಗು ಬಂತು. ನಗುವ ಗಾಳಿ ಬೇರೆಲ್ಲಿಗೆ ಹೋದೀತು? ಉಂಗುಟದ ಬಲಗಡೆ ಅವರೆಕಾಳಿನಷ್ಟು ಉಬ್ಬಿತು. ಆದರೆ ಒಡೆಯಲಿಲ್ಲ.

ಕೊಳವೆಗೆ ನಿಯಾನ್ ಗ್ಯಾಸು ತುಂಬಿ, ವೈರು ಹಚ್ಚಿ, ಪಾಡ್ಯದ ಬೆಳಿಗ್ಗೆ ಅಂಗಡಿಗೆ ಒಯ್ದರು. ಚಪ್ಪಲಿ ಕುಂಕುಮದಂತೆ ಹೊತ್ತಿತು. ಜಕ್ಕಪ್ಪ ಕಸುಬುದಾರ, ಕಣ್ಣಿಗೆ ಮೊದಲು ಉಂಗುಟವೇ ಬಿತ್ತು.

"ಬಲಕ್ಕ ದಪ್ಪ ಆಗೇತಲ್ಲ, ಮಾಮಾ?"

"ದಪ್ಪ ಬೆರಳಿನ ಗಿರಾಕಿ ಬರತಾರ, ತಗೋ" ಎಂದ ಇಬ್ರಾಹಿಮ.

ಬಾಗಿಲ ಮೇಲೆ ಹಾಕಿದರೆ ಚಪ್ಪಲಿಯ ಕೆಳಗೆ ತಲೆ ತೂರಿಸಲು ಯಾರೂ ಒಪ್ಪಲಿಲ್ಲ, ಅಂಗಡಿಯವನ ಹೆಂಡತಿಯೂ ಒಪ್ಪಲಿಲ್ಲ. ಕಡೆಗೆ ಬಾಗಿಲ ಪಕ್ಕ ಮೊಣಕಾಲಿನ ಎತ್ತರಕ್ಕೆ ಹಾಕಿದರು. ಬಂದವರೆಲ್ಲ ಬಗ್ಗಿ ನೋಡುತ್ತಾರೆ.

ಉರಿ ಗುಜರಿಗೆ ಹೋಗಲಿಲ್ಲ. ಮೆಹೆಕ ದಿನವೂ ಕೂರುತ್ತಾಳೆ. ಇಬ್ರಾಹಿಮ ನನ್ನ ಪಕ್ಕ ಕಟ್ಟೆಯ ಮೇಲೆ ಕೂತು ಮೂವತ್ತು ವರ್ಷದ ಉತ್ತರಗಳನ್ನು ಒಂದೊಂದಾಗಿ ಹೇಳುತ್ತಿದ್ದಾನೆ. ಇನ್ನೂ ಆ ಆಡಿನ ಮಾತಿನಲ್ಲೇ ಇದ್ದಾನೆ. ನಿನ್ನೆ ರಜಿಯಾ ಹೊರಗೆ ಬಂದು ನನಗೆ ಕೈ ಮುಗಿದಳು.

"ಸಕ್ಕವ್ವಾ, ನಿಮಗ ಪುಣ್ಯಾ ಬರತೈತಿ. ಇವರ ಬಾಯಾಗೂ ಒಂದ ನಳಿಗಿ ಇಡ್ರಿ."