ಮುಗಿಯುವ ಆಟಗಳು

ನಿನ್ನೆ ಸಂಜೆ ಅತ್ತಿಗುಪ್ಪೆ ಮೆಟ್ರೊ ಸ್ಟೇಷನ್ನಿನಲ್ಲಿ ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬಳು ಪುಟ್ಟ ಬಾಟಲಿ ತೆಗೆದು ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡಳು. ಸ್ಪಿರಿಟ್ಟಿನ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಎಡಗೈ ಹೆಬ್ಬೆರಳು ತಾನಾಗಿಯೇ ಅಲ್ಲಾಡತೊಡಗಿತು. ನಗಬೇಡಿ. ನಿಮಗೂ ಇಂಥ ಒಂದು ವಾಸನೆ ಇದ್ದೇ ಇರುತ್ತದೆ, ಬೆರಳು ಅಲ್ಲಾಡದೆ ಇರಬಹುದು ಅಷ್ಟೆ.

ನನ್ನ ಮಟ್ಟಿಗೆ ಅದು ಡಯಾಲಿಸಿಸ್ ಕೇಂದ್ರದ ವಾಸನೆ. ತಮ್ಮ ಮಂಜನ ಕಿಡ್ನಿಗಳು ಕೈಕೊಟ್ಟ ಮೇಲೆ ಬಸವೇಶ್ವರನಗರದ ಆ ಕೇಂದ್ರಕ್ಕೆ ದಿನ ಬಿಟ್ಟು ದಿನ ಅವನ ಜೊತೆ ಹೋಗುತ್ತಿದ್ದವಳು ನಾನು. ಎಡಗೈಗೆ ಸೂಜಿ ಚುಚ್ಚಿ ಯಂತ್ರಕ್ಕೆ ಜೋಡಿಸಿದರೆ ನಾಲ್ಕು ಗಂಟೆ ಆ ಕೈ ಅಲುಗಿಸುವಂತಿಲ್ಲ. ಉಳಿದವರು ನಿದ್ದೆ ಹೋಗುತ್ತಿದ್ದರು, ಇಲ್ಲವೇ ಫೋನಿನಲ್ಲಿ ಧಾರಾವಾಹಿ ನೋಡುತ್ತಿದ್ದರು. ನಮ್ಮವನಿಗೆ ವಿಡಿಯೊ ಗೇಮ್ ಆಡಬೇಕಿತ್ತು. ಅದೂ ತಲೆಗೂದಲು ಬೆಳ್ಳಗಾಗುತ್ತಿದ್ದ ವಯಸ್ಸಿನಲ್ಲಿ!

ಯಾರಿಂದಲೋ ಕೊಂಡ ಹಳೆಯ ಗೇಮಿನ ಪೆಟ್ಟಿಗೆ ಅದು. ನಡುವೆ ಪರದೆ, ಎರಡು ಪಕ್ಕದಲ್ಲಿ ಬಿಚ್ಚಿ ತೆಗೆಯಬಹುದಾದ ಹಿಡಿಗಳು. ಬಲಗಡೆಯದನ್ನು ತಿರುಗಿಸಿದರೆ ಆಟದೊಳಗಿನವನ ಕಣ್ಣು ತಿರುಗುತ್ತದೆ, ಎಡಗಡೆಯದನ್ನು ಒತ್ತಿದರೆ ಅವನು ನಡೆಯುತ್ತಾನೆ. ಮಂಜ ಎಡಗಡೆಯ ಹಿಡಿಯನ್ನು ಬಿಚ್ಚಿ ನನ್ನ ಕೈಯಲ್ಲಿಟ್ಟು, "ನೀನು ನಡಿ, ನಾನು ನೋಡ್ತೀನಿ" ಅಂದ. ಒಬ್ಬರೇ ಆಡಬೇಕಾದ ಆಟಗಳನ್ನು ನಾವು ಹೀಗೆ ಇಬ್ಬರು ಸೇರಿ ಆಡಿದೆವು.

ನನ್ನ ನಡಿಗೆ ಬಹಳ ಕೆಟ್ಟದಾಗಿತ್ತು. "ಗೋಡೆಗೆ ಯಾಕೆ ಗುದ್ದುತೀಯ, ಕಾಣಲ್ವಾ?" ಎಂದು ರೇಗುತ್ತಿದ್ದ. "ನೋಡೋದು ನಿನ್ನ ಡ್ಯೂಟಿ ತಾನೆ?" ಎಂದು ನಾನೂ ರೇಗುತ್ತಿದ್ದೆ. ಆಫೀಸಿನಲ್ಲಿ ಫೈಲುಗಳನ್ನು ಲೀಲಾಜಾಲವಾಗಿ ನಡೆಸುವವಳಿಗೆ ಒಂದು ಗೊಂಬೆಯನ್ನು ಬಾಗಿಲು ದಾಟಿಸಲು ಆಗುತ್ತಿರಲಿಲ್ಲ.

ಅಭಿಪ್ರಾಯಗಳಿಗಂತೂ ಅವನಲ್ಲಿ ಬರವಿರಲಿಲ್ಲ. ದೊಡ್ಡ ಕಂಪನಿಗಳ ದುಬಾರಿ ಆಟಗಳನ್ನು ಕಂಡರೆ ಆಗದು. "ನೂರು ಗಂಟೆ ಆಡ್ಬೇಕಂತೆ. ಅದ್ರಲ್ಲಿ ಅರ್ಧ ಸೊಪ್ಪು ಸೌದೆ ಕೂಡಿಡೋದೇ ಆಯ್ತು. ಅಷ್ಟಕ್ಕೆ ಗೇಮ್ ಯಾಕೆ, ಸಂಸಾರ ಮಾಡಿದ್ರೆ ಸಾಲದಾ?" ಎಲ್ಲೋ ಒಬ್ಬಿಬ್ಬರು ಕೂತು ಮಾಡಿದ, ಹೋಟೆಲಿನಲ್ಲಿ ಮಸಾಲೆದೋಸೆ ತಿಂದು ಕಾಫಿ ಕುಡಿದ ಬೆಲೆಗೆ ಸಿಗುವ ಪುಟ್ಟ ಆಟಗಳೇ ಅವನಿಗೆ ಬೇಕು. ಅವು ಹೇಳಬೇಕಾದ ಒಂದು ಮಾತನ್ನು ಹೇಳಿ ಎದ್ದು ಹೋಗುತ್ತವೆ ಎನ್ನುತ್ತಿದ್ದ. ಆದರೆ ಕೊನೆಯಲ್ಲಿ ಅಳಿಸಿಯೇ ತೀರುತ್ತೇನೆಂದು ಪಿಟೀಲು ಬಾರಿಸುವ ಆಟಗಳಿಗೆ ಅವನಲ್ಲಿ ಕ್ಷಮೆಯಿರಲಿಲ್ಲ. ಅವನ ಅಳತೆಯೂ ವಿಚಿತ್ರವೇ, ಡಯಾಲಿಸಿಸ್ಸಿನ ಲೆಕ್ಕದಲ್ಲಿ: ಇದು ಒಂದು ಸಿಟ್ಟಿಂಗಿನ ಆಟ, ಇದು ಎರಡು ಸಿಟ್ಟಿಂಗಿನದು.

ಪಕ್ಕದ ಹಾಸಿಗೆಯಲ್ಲಿ ದಾವಣಗೆರೆ ಕಡೆಯ ನಿವೃತ್ತ ಅಧಿಕಾರಿಯೊಬ್ಬರು ಇರುತ್ತಿದ್ದರು. ನಮ್ಮ ಪರದೆಯನ್ನು ಇಣುಕಿ ಇಣುಕಿ ನೋಡಿ ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟರು, "ಏನ್ರೀ ಇದು ಆಟ, ಒಬ್ಬನೂ ಸಾಯಂಗಿಲ್ಲ, ಬರೀ ಅಡ್ಡಾಡೋದೇ ಆತಲ್ಲ?"

"ಸಾಯೋದು ಈ ರೂಮಲ್ಲೇ ಬೇಕಾದಷ್ಟಿದೆಯಲ್ಲ ಸಾರ್" ಅಂದ ಮಂಜ. ಅವರು ಕೆಮ್ಮು ಬರುವಷ್ಟು ನಕ್ಕರು. ನನಗೆ ನಗು ಬರಲಿಲ್ಲ.

ಯಾಕೆ ಬರೀ ಸಣ್ಣ ಆಟವೇ ಎಂದು ನಾನೊಮ್ಮೆ ಕೇಳಿದ್ದುಂಟು. "ನಂಗೆ ಮುಗಿಯೋ ಆಟ ಬೇಕು ಕಣೇ. ಅರ್ಧಕ್ಕೆ ಬಿಟ್ಟು ಏಳೋಕೆ ಇಷ್ಟ ಇಲ್ಲ" ಅಂದಿದ್ದ. ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ, "ಅವನು ಗಟ್ಟಿಯಾಗಿದಾನೆ ಬಿಡು" ಅಂದರು.

ನಾವು ಆಡಿದ ಕೊನೆಯ ಆಟದಲ್ಲಿ ಒಂದು ಊರು. ನೀರು ಏರುತ್ತಿದೆ, ಜನರೆಲ್ಲ ಬಿಟ್ಟುಹೋಗಿದ್ದಾರೆ. ಉಳಿದ ಒಬ್ಬ ಕಾವಲುಗಾರ ಮನೆಮನೆಗೆ ಹೋಗಿ ದೀಪ ಆರಿಸಬೇಕು. ಕೊನೆಯ ದೀಪ ಆರಿದರೆ ಆಟ ಮುಗಿಯಿತು. ಆ ದಿನ ನಡುವೆ ನನಗೆ ಆಫೀಸಿನಿಂದ ಫೋನು ಬಂತು. ಮಾತಾಡುತ್ತಾ, ಪರದೆಯನ್ನು ನೋಡದೆ, ಅವನು ಹೇಳಿದ ಕಡೆಗೆ ಹೆಬ್ಬೆರಳು ಒತ್ತುತ್ತಿದ್ದೆ.

"ನಿಲ್ಲು. ಇವತ್ತಿಗೆ ಸಾಕು" ಅಂದ.

"ಇನ್ನೂ ಟೈಮ್ ಇದೆಯಲ್ಲೋ?"

"ಊರು ದೊಡ್ಡದು ಕಣೇ, ಇನ್ನೂ ತುಂಬಾ ಇದೆ. ನಾಳಿದ್ದು ಬಂದು ಆಡೋಣ. ನನ್ನ ಬಿಟ್ಟು ಆಡ್ಬೇಡ ಮತ್ತೆ."

ಆ ನಾಳಿದ್ದು ಬರಲಿಲ್ಲ. ಮಾರನೆಯ ದಿನ ಬೆಳಗ್ಗೆಯೇ ಅವನ ಹೃದಯ ನಿಂತುಹೋಯಿತು. ಬಂದವರೆಲ್ಲ, "ಪಾಪ, ಎಲ್ಲಕ್ಕೂ ತಯಾರಾಗಿದ್ದ" ಅಂದರು. ಮುಗಿಯುವ ಆಟದ ಅವನ ಮಾತನ್ನು ನಾನೇ ಎಲ್ಲರಿಗೂ ಹೇಳಿದೆ. ಆ ಮಾತನ್ನು ಹಿಡಿದುಕೊಂಡೇ ಅಮ್ಮ ಊಟಕ್ಕೆ ಎದ್ದರು, ನಾನು ಆಫೀಸಿಗೆ ಹೋದೆ.

ಪೆಟ್ಟಿಗೆಯನ್ನು ಇಷ್ಟು ದಿನ ಮುಟ್ಟಿರಲಿಲ್ಲ. ಅವನ ಮಾತು ಮೀರುವುದು ಹೇಗೆ, ಅರ್ಧಕ್ಕೆ ಬಿಡುವುದು ಅವನಿಗೇ ಇಷ್ಟವಿರಲಿಲ್ಲವಲ್ಲ ಎಂದು ಎರಡೂ ಕಡೆ ಜಗ್ಗಾಟ. ನಿನ್ನೆ ಮೆಟ್ರೊ ಇಳಿದು ಮನೆಗೆ ಬಂದವಳೇ, ಅವನ ಪರವಾಗಿ ಮುಗಿಸಿಯೇಬಿಡೋಣ ಎಂದು ಬೀರುವಿನಿಂದ ತೆಗೆದು ಚಾರ್ಜಿಗೆ ಹಾಕಿದೆ.

ಆಟ ನಾವು ನಿಲ್ಲಿಸಿದ ಜಾಗದಲ್ಲಿಯೇ ತೆರೆದುಕೊಂಡಿತು. ಊರಿಡೀ ಕತ್ತಲೆ. ಎದುರಿಗೆ ಒಂದೇ ಒಂದು ದೀಪ, ಕೈಗೆಟುಕುವಷ್ಟು ಹತ್ತಿರ. ಬಲಗಡೆಯ ಹಿಡಿಯನ್ನು ತಡವುತ್ತಾ ಎಲ್ಲ ದಿಕ್ಕಿಗೂ ಕಣ್ಣು ತಿರುಗಿಸಿ ನೋಡಿದೆ. ಬೇರೆಲ್ಲೂ ಬೆಳಕಿರಲಿಲ್ಲ.

ಅವನು ಅದನ್ನು ನೋಡಿದ್ದ. ನೋಡಿಯೇ ನಿಲ್ಲು ಅಂದಿದ್ದ. ತಯಾರಾಗಿದ್ದನಂತೆ! ಅವನಿಗೆ ನಾಳಿದ್ದು ಬೇಕಾಗಿತ್ತು, ಎಲ್ಲರ ಹಾಗೆ, ನನ್ನ ನಿಮ್ಮ ಹಾಗೆ. ಅಲ್ಲೇ ನೆಲದ ಮೇಲೆ ಕುಳಿತೆ.

ಅಮ್ಮ ಅಡುಗೆಮನೆಯಿಂದ ಕೇಳಿದರು, "ಏನೇ ಅದು, ಮಂಜನ ಆಟಾನಾ? ಮುಗೀತಾ?"

"ಇಲ್ಲಮ್ಮ" ಅಂದೆ. "ಊರು ದೊಡ್ಡದು. ಇನ್ನೂ ತುಂಬಾ ಇದೆ."