ಅಪ್ಪನ ದಡಿ, ಹಳೆಯ ತಾರೀಕು

ಆ ಉಪಾಯ ನನ್ನದೋ ಅಕ್ಕನದೋ, ಈಗ ಖಚಿತವಾಗಿ ಹೇಳಲಾರೆ. ಇಳಕಲ್ಲಿನಲ್ಲಿ ಸೀರೆ ನೇಯಿಸುವ ಅಕ್ಕನಿಗೆ, ತೀರಿಕೊಂಡ ಅಪ್ಪ ಮಾಡಿಟ್ಟ ದಡಿಯ, ಅಂದರೆ ಸೀರೆಯಂಚಿನ, ನಕ್ಷೆ ಬೇಕಿತ್ತು. ಅದಕ್ಕಾಗಿಯೇ ಮಗ್ಗ ಖಾಲಿ ನಿಂತಿತ್ತು. ನಕ್ಷೆಯಿದ್ದ ಹಳೆಯ ತಂತ್ರಾಂಶದ ಅವಧಿ ಮುಗಿದಿತ್ತು; ಈಗಿನ ತಾರೀಕು ಕಂಡರೆ ಅದು ತೆರೆಯುತ್ತಿರಲಿಲ್ಲ. ನಾನು ಲ್ಯಾಪ್‌ಟಾಪಿನಲ್ಲಿ ವರ್ಚುವಲ್ ಯಂತ್ರವೊಂದನ್ನು, ಅಂದರೆ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ಸಿದ್ಧಮಾಡಿ, ಅದರ ಗಡಿಯಾರವನ್ನು ಹತ್ತು ವರ್ಷ ಹಿಂದಕ್ಕೆ ತಿರುಗಿಸಿದೆ. ನಿಮಿಷದೊಳಗೆ ಅದು ಇವತ್ತಿಗೆ ಹಾರಿತು. ಮತ್ತೆ ತಿರುಗಿಸಿದೆ, ಮತ್ತೆ ಹಾರಿತು. ಬಾಗಲಕೋಟೆಯ ಬಸ್ಸಿಗೆ ಹೊತ್ತಾಗುತ್ತಿತ್ತು; ಎದ್ದೆ, ಕೂತೆ, ಮತ್ತೆ ಎದ್ದೆ.

"ಎಂ.ಎಸ್ಸಿ. ಮಾಡೀದಿ, ಒಂದು ತಾರೀಕು ಬದಲಿ ಮಾಡಾಕ ಬರಂಗಿಲ್ಲೇನೋ?" ಅಂದಳು ಅಕ್ಕ. "ಒಳಗಿನ ಗಡಿಯಾರ ಹೊರಗಿಂದನ್ನ ನೋಡಿ ಕಾಪಿ ಹೊಡಿಯಾಕತ್ತೈತಿ. ಮೊದಲ ಎರಡನ್ನೂ ಬ್ಯಾರೆ ಮಾಡು."

ಹಾಗೆಂದಳೆಂದು ನೆನಪು. ಇಲ್ಲವೇ ಎರಡೂ ಗಡಿಯಾರಗಳನ್ನು ಹೊಂದಿಸುವ ಆಯ್ಕೆಯನ್ನು ನಾನೇ ಬಂದ್ ಮಾಡಿ, ಆಕೆಯ ಮಾತನ್ನು ಆಮೇಲೆ ಸೇರಿಸಿಕೊಂಡಿರಬಹುದು. ಕೇಳಿದರೆ ಅಕ್ಕ ನಗುತ್ತಾಳೆ: "ಯಾರ ಹೇಳಿದ್ರೇನು? ನನಗ ಅಪ್ಪನ ದಡಿ ಸಿಕ್ತು."

ನನಗೆ ಅಷ್ಟು ಸಾಲದೆ, ಅವತ್ತಿನ ಗುರುತೇನಾದರೂ ಸಿಕ್ಕೀತೆಂದು ಮೊನ್ನೆ ಆಕೆಯ ಕಂಪ್ಯೂಟರಿನಲ್ಲಿ ಆ ನಕ್ಷೆಯ ಕಡತ ಹುಡುಕಿದೆ. ಅವತ್ತು ನಾವು ಉಳಿಸಿದ ಪ್ರತಿಯ ಮೇಲೆ ಅವತ್ತಿನದಲ್ಲ, ನಾವು ತಿರುಗಿಸಿಟ್ಟ, ಹತ್ತು ವರ್ಷ ಹಿಂದಿನ ತಾರೀಕಿದೆ.